ಒಂದೇ ಮಜ್ಜೆ, ಮೂರು ವರದಿ: ಎರಡು ಗುರುತಿನ ರಕ್ತದ ಕ್ಯಾನ್ಸರ್ ಅನ್ನು ಓದುವುದು ಹೇಗೆ?

ಪ್ರಶ್ನೆ: ಮೇಡಂ, ನಮ್ಮದು ಹಾವೇರಿ ಹತ್ತಿರದ ಹಳ್ಳಿ. ತಮ್ಮನಿಗೆ 24 ವರ್ಷ. ತಿಂಗಳ ಹಿಂದೆ ಜ್ವರ, ಸುಸ್ತು ಶುರುವಾಯಿತು, ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಡಾಕ್ಟರು ನಾಲ್ಕು ದಿನ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಗಂಟು ಕರಗಿತು, ಆದರೆ ಒಸಡಿನಿಂದ ರಕ್ತ ಬರತೊಡಗಿತು. ರಕ್ತ ನೋಡಿದ ಲ್ಯಾಬಿನವರು "ಅಕ್ಯೂಟ್ ಲ್ಯುಕೇಮಿಯಾ, ಎಎಂಎಲ್ ಇರಬಹುದು" ಎಂದರು. ದೊಡ್ಡ ಆಸ್ಪತ್ರೆಯಲ್ಲಿ ಬೋನ್ ಮ್ಯಾರೋ ತೆಗೆದು, ಫ್ಲೋ ಸೈಟೋಮೆಟ್ರಿ ಮಾಡಿ, "ಎಂಪಿಎಎಲ್, ಬಿ ಮತ್ತು ಮೈಲಾಯ್ಡ್" ಎಂದು ಬರೆದರು. ಅದೇ ಸ್ಯಾಂಪಲ್ ಅನ್ನು ಇನ್ನೊಂದು ಆಸ್ಪತ್ರೆಯಲ್ಲಿ ತೋರಿಸಿದರೆ "ಬಿ-ಎಎಲ್‌ಎಲ್, ಎಂಪಿಒ ಮಸುಕಾಗಿದೆ" ಎಂದಿದ್ದಾರೆ. ಫಿಲಡೆಲ್ಫಿಯಾ ಟೆಸ್ಟ್ ವರದಿ ಇನ್ನೂ ಬಂದಿಲ್ಲ. ಇವರಲ್ಲಿ ಯಾರು ತಪ್ಪು? ಅವನಿಗೆ ಎರಡು ಕ್ಯಾನ್ಸರ್ ಒಟ್ಟಿಗೆ ಬಂದಿದೆಯೇ? ಮತ್ತೆ ಮ್ಯಾರೋ ತೆಗೆಸಬೇಕೇ? ಸೂಜಿ ಚುಚ್ಚಿದಷ್ಟೂ ಕ್ಯಾನ್ಸರ್ ಹರಡುತ್ತದೆ ಅಂತ ಮಾವ ಹೇಳುತ್ತಿದ್ದಾರೆ. ನಮಗೂ ಬರುತ್ತದೆಯೇ? ವರದಿಗಳ ಫೋಟೋ ಕಳಿಸಿದ್ದೇನೆ.

ಉತ್ತರ: ವರದಿಗಳನ್ನು ಎರಡು ಸಲ ಓದಿದೆ. ಮೂರು ಕಡೆ ಮೂರು ಹೆಸರು ಕೇಳಿದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಆದರೆ ಇಲ್ಲಿ ಯಾರೂ ನಿಮಗೆ ಮೋಸ ಮಾಡಿಲ್ಲ. ಕೊನೆಯ ಎರಡು ವರದಿಗಳ ನಡುವೆ ಇರುವ ಜಗಳ ನಿಮಗೆ ಕಂಡಷ್ಟು ದೊಡ್ಡದೂ ಅಲ್ಲ. ಇಬ್ಬರೂ ನೋಡಿರುವುದು ಅದೇ ಕೋಶಗಳನ್ನು, ಬಹುಪಾಲು ಒಂದೇ ರೀತಿ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲಿ ಮಾತ್ರ ಭಿನ್ನಾಭಿಪ್ರಾಯ.

ನನ್ನ ಕೆಲಸ ಮೈಕ್ರೋಸ್ಕೋಪಿನ ಹಿಂದೆ. ರೋಗಿಯ ಮುಖ ನೋಡುವುದು ಕಡಿಮೆ, ಅವರ ಮಜ್ಜೆಯನ್ನೇ ಜಾಸ್ತಿ ನೋಡಿರುತ್ತೇನೆ. ಹಾಗಾಗಿ ಆ ಕಡೆಯಿಂದಲೇ ಶುರು ಮಾಡುತ್ತೇನೆ.

ರಕ್ತದ ಎಲ್ಲ ಕೋಶಗಳೂ ಮೂಳೆ ಮಜ್ಜೆಯಲ್ಲಿರುವ ತಾಯಿಕೋಶಗಳಿಂದ ಹುಟ್ಟುತ್ತವೆ. ಅಲ್ಲಿಂದ ಬೇಗ ಕವಲು ಒಡೆಯುತ್ತದೆ. ಒಂದು ಕವಲು ಲಿಂಫಾಯ್ಡ್. ಅದರಿಂದ ಬಿ ಕೋಶ, ಟಿ ಕೋಶ ಬರುತ್ತವೆ. ಇನ್ನೊಂದು ಮೈಲಾಯ್ಡ್. ಕೆಂಪು ರಕ್ತಕಣ, ಪ್ಲೇಟ್‌ಲೆಟ್, ಕೀಟಾಣು ತಿನ್ನುವ ನ್ಯೂಟ್ರೋಫಿಲ್ ಎಲ್ಲ ಆ ಕಡೆಯವು. ಅಕ್ಯೂಟ್ ಲ್ಯುಕೇಮಿಯಾದಲ್ಲಿ ಕೋಶಗಳು ಬೆಳೆಯದೆ ಎಳೆಯದರಲ್ಲೇ ನಿಂತು, ಸುಮ್ನೆ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಇವಕ್ಕೆ ಬ್ಲಾಸ್ಟ್ ಅನ್ನುತ್ತೇವೆ. ನಿಮ್ಮ ತಮ್ಮನ ಮಜ್ಜೆಯಲ್ಲಿ ಶೇ. 62 ಬ್ಲಾಸ್ಟ್ ಇವೆ. ಸಾಮಾನ್ಯವಾಗಿ ಶೇ. 20 ದಾಟಿದರೇ ಅಕ್ಯೂಟ್ ಲ್ಯುಕೇಮಿಯಾ ಅನ್ನುತ್ತೇವೆ. ಹಾಗಾಗಿ ಕಾಯಿಲೆ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ. ಯಾವ ಕವಲಿನದು ಅನ್ನುವುದೇ ಪ್ರಶ್ನೆ. ಲಿಂಫಾಯ್ಡ್ ಆದರೆ ಎಎಲ್‌ಎಲ್, ಮೈಲಾಯ್ಡ್ ಆದರೆ ಎಎಂಎಲ್. ಎರಡಕ್ಕೂ ಔಷಧಿಯ ದಾರಿ ಬೇರೆ. ಎರಡೂ ಕವಲಿನ ಗಟ್ಟಿ ಗುರುತು ಒಟ್ಟಿಗೆ ಇದ್ದರೆ ಎಂಪಿಎಎಲ್, ಅಂದರೆ ಮಿಶ್ರ ಬಗೆಯ ಅಕ್ಯೂಟ್ ಲ್ಯುಕೇಮಿಯಾ.

ನಿಮ್ಮ ಕಡೆ ಮೆಣಸಿನ ಸಸಿಮಡಿ ಮಾಡುತ್ತಾರಲ್ವಾ? ಬೀಜ ಮೊಳೆತು ಎರಡೆಲೆ ಬಿಟ್ಟಾಗ ಮೆಣಸಿನ ಸಸಿ, ಟೊಮೆಟೊ ಸಸಿ ದೂರದಿಂದ ಒಂದೇ ಥರ ಕಾಣುತ್ತವೆ. ಎಲೆ ಉಜ್ಜಿ ಮೂಸಿದರೆ ಗೊತ್ತಾಗುತ್ತದೆ. ಬ್ಲಾಸ್ಟ್‌ಗಳೂ ಹಾಗೆಯೇ. ಸ್ಲೈಡಿನಲ್ಲಿ ಬರೀ ಆಕಾರ ನೋಡಿ ಹೇಳಿದ್ದು ಅಂದಾಜು ಮಾತ್ರ. ಮೊದಲ ಲ್ಯಾಬಿನವರು "ಇರಬಹುದು" ಎಂದು ಬರೆದಿದ್ದು ಅದಕ್ಕೇ, ಅದು ಪ್ರಾಮಾಣಿಕ ಮಾತು. ಅದನ್ನು ತಪ್ಪು ವರದಿ ಅನ್ನಬೇಡಿ.

ಮೂಸಿ ನೋಡುವ ಕೆಲಸ ಮಾಡುವುದು ಫ್ಲೋ ಸೈಟೋಮೆಟ್ರಿ. ಹೊಳೆಯುವ ಬಣ್ಣ ಅಂಟಿಸಿದ ಆಂಟಿಬಾಡಿಗಳನ್ನು ಮಜ್ಜೆಯ ದ್ರವಕ್ಕೆ ಬೆರೆಸುತ್ತೇವೆ. ಪ್ರತಿ ಆಂಟಿಬಾಡಿಯೂ ಕೋಶದ ಒಂದು ಗುರುತನ್ನು ಹಿಡಿಯುತ್ತದೆ. ಆಮೇಲೆ ಕೋಶಗಳು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹರಿದು ಹೋಗುತ್ತವೆ. ಯಾವ ಬಣ್ಣ, ಎಷ್ಟು ಹೊಳೆಯಿತು ಎಂದು ಯಂತ್ರ ಅಳೆಯುತ್ತದೆ. "ಎಷ್ಟು ಹೊಳೆಯಿತು" ಅನ್ನುವುದನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಇಡೀ ಗೊಂದಲ ಅಲ್ಲಿದೆ.

ತುಂಬಾ ಗುರುತುಗಳು ಯಾವ ಕವಲಿಗೂ ನಿಷ್ಠೆ ಇಲ್ಲದವು. ನಿಮ್ಮ ವರದಿಯಲ್ಲಿ ಸಿಡಿ13, ಸಿಡಿ33 ಪಾಸಿಟಿವ್ ಎಂದಿದೆ. ಇವು ಮೈಲಾಯ್ಡ್ ಗುರುತುಗಳೇ, ಆದರೆ ಎಎಲ್‌ಎಲ್ ರೋಗಿಗಳಲ್ಲೂ ಎಷ್ಟೋ ಸಲ ಕಾಣುತ್ತವೆ. ಹಾಗೆಯೇ ಎಎಂಎಲ್‌ನಲ್ಲಿ ಸಿಡಿ7 ಕಾಣುವುದುಂಟು. ಇಷ್ಟಕ್ಕೇ ಮಿಶ್ರ ಕಾಯಿಲೆ ಅನ್ನುವುದಿಲ್ಲ. ಹಿಂದೆ ಹೀಗಿರಲಿಲ್ಲ. 1995ರಲ್ಲಿ ಯುರೋಪಿನ ತಜ್ಞರ ಗುಂಪೊಂದು ಪ್ರತಿ ಗುರುತಿಗೂ ಅಂಕ ಕೊಡುವ ಪದ್ಧತಿ ತಂದಿತು. ಎರಡು ಕವಲಿನಲ್ಲೂ ಎರಡಕ್ಕಿಂತ ಜಾಸ್ತಿ ಅಂಕ ಬಂದರೆ ಬೈಫಿನೋಟೈಪಿಕ್ ಎಂಬ ಹೆಸರು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಅಂಕ ಕೂಡುವುದನ್ನು ಬಿಟ್ಟು, ಗಟ್ಟಿ ಸಾಕ್ಷಿ ಕೊಡುವ ಕೆಲವೇ ಗುರುತುಗಳನ್ನು ಇಟ್ಟುಕೊಂಡಿತು. ಎಂಪಿಎಎಲ್ ಎಂಬ ಹೆಸರು ನೆಲೆಯಾಗಿದ್ದು ಆಗಲೇ.

ಈಗ ಟಿ ಕವಲು ಎನ್ನಲು ಸಿಡಿ3 ಬೇಕು, ಕೋಶದ ಒಳಗಾದರೂ ಸರಿ, ಮೇಲಾದರೂ ಸರಿ. ಬಿ ಕವಲು ಎನ್ನಲು ಸಿಡಿ19 ಜೋರಾಗಿ ಹೊಳೆಯಬೇಕು, ಜೊತೆಗೆ ಸಿಡಿ79ಎ, ಸಿಡಿ22, ಸಿಡಿ10 ಇವುಗಳಲ್ಲಿ ಒಂದಾದರೂ ಚೆನ್ನಾಗಿರಬೇಕು. ಸಿಡಿ19 ಮಂಕಾಗಿದ್ದರೆ ಎರಡು ಬೇಕು. ಮೈಲಾಯ್ಡ್ ಎನ್ನಲು ಎಂಪಿಒ ಬೇಕು, ಇಲ್ಲವೇ ಮಾನೋಸೈಟ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಕಡೆಯ ಕನಿಷ್ಠ ಎರಡು ಗುರುತು. ಎಂಪಿಒ ಅಂದರೆ ನ್ಯೂಟ್ರೋಫಿಲ್ ಒಳಗಿರುವ ಕೀಟಾಣು ಕೊಲ್ಲುವ ಕಿಣ್ವ. ಕೀವಿಗೆ ಹಸಿರು ಛಾಯೆ ಬರುವುದು ಇದರಿಂದಲೇ.

ನಿಮ್ಮ ತಮ್ಮನಲ್ಲಿ ಸಿಡಿ19 ಜೋರಾಗಿದೆ, ಸಿಡಿ79ಎ ಮತ್ತು ಸಿಡಿ10 ಇವೆ. ಬಿ ಕವಲಿನ ಬಗ್ಗೆ ಎರಡೂ ಆಸ್ಪತ್ರೆಗಳಿಗೆ ಅನುಮಾನ ಇಲ್ಲ. ಉಳಿದಿರುವುದು ಎಂಪಿಒ ಒಂದೇ. ಫ್ಲೋದಲ್ಲಿ ಅದು ಮಸುಕಾಗಿ, ಸ್ವಲ್ಪ ಬ್ಲಾಸ್ಟ್‌ಗಳಲ್ಲಿ ಮಾತ್ರ ಕಂಡಿದೆ. ಎರಡನೇ ಆಸ್ಪತ್ರೆಯವರು ಸ್ಲೈಡಿನ ಮೇಲೆ ಹಳೆಯ ಪದ್ಧತಿಯ ಎಂಪಿಒ ಬಣ್ಣ ಹಾಕಿ ನೋಡಿದರೆ ಶೇ. 3ಕ್ಕಿಂತ ಕಡಿಮೆ ಬ್ಲಾಸ್ಟ್ ಬಣ್ಣ ಹಿಡಿದಿವೆ. ಆ ಪದ್ಧತಿಯಲ್ಲಿ ಅದನ್ನು ನೆಗೆಟಿವ್ ಅನ್ನುತ್ತೇವೆ.

ಇಂಥ ಮಸುಕು ಎಂಪಿಒ ನಮಗೆ ಯಾವಾಗಲೂ ತಲೆನೋವು. ಬೇರೆ ಬೇರೆ ಕಂಪನಿಯ ಆಂಟಿಬಾಡಿ ಬೇರೆ ಬೇರೆ ಹೊಳಪು ಕೊಡುತ್ತದೆ. 2022ರ ವರ್ಗೀಕರಣ ಇದಕ್ಕೊಂದು ಅಳತೆ ಇಟ್ಟಿದೆ: ಬ್ಲಾಸ್ಟ್‌ಗಳಲ್ಲಿ ಒಂದು ಭಾಗವಾದರೂ, ಬಲಿತ ನ್ಯೂಟ್ರೋಫಿಲ್‌ನ ಎಂಪಿಒ ಹೊಳಪಿನ ಅರ್ಧವನ್ನು ದಾಟಬೇಕು. ಮಸುಕು ಎಂಪಿಒ ಒಂದನ್ನೇ ನೆಚ್ಚಿ ಮಿಶ್ರ ಎಂದು ಕರೆಯುವ ಮುಂಚೆ ಎಚ್ಚರ ಇರಲಿ ಎಂದು ಅದಕ್ಕೂ ಮೊದಲಿನ ಆವೃತ್ತಿಯೇ ಹೇಳಿತ್ತು. ಫೋಟೋದಲ್ಲಿರುವ ಗ್ರಾಫ್ ನೋಡಿದರೆ ನನ್ನ ಮನಸ್ಸು ಎರಡನೇ ವರದಿಯ ಕಡೆ ವಾಲುತ್ತದೆ. ಆದರೆ ಫೋಟೋ ನೋಡಿ ತೀರ್ಪು ಕೊಡುವುದು ಸರಿಯಲ್ಲ. ನಿಮ್ಮ ಹೆಮಟಾಲಜಿಸ್ಟ್ (ರಕ್ತರೋಗ ತಜ್ಞರು) ಮೂಲಕ ಮೊದಲ ಲ್ಯಾಬಿನಿಂದ ಫ್ಲೋ ಯಂತ್ರದ ಮೂಲ ಫೈಲ್ ತರಿಸಿಕೊಳ್ಳಿ, ಜೊತೆಗೆ ಸ್ಲೈಡ್ ಮತ್ತು ಬಯಾಪ್ಸಿ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಮಜ್ಜೆಯ ತುಣುಕು). ಪ್ರಿಂಟ್ ಆದ ವರದಿ ಇನ್ನೊಬ್ಬರ ಅಭಿಪ್ರಾಯ ಮಾತ್ರ. ಮೂಲ ಫೈಲ್ ಇದ್ದರೆ ನಾವೇ ನ್ಯೂಟ್ರೋಫಿಲ್ ಪಕ್ಕ ಬ್ಲಾಸ್ಟ್ ಇಟ್ಟು ಅಳೆಯಬಹುದು.

ಮತ್ತೆ ಮ್ಯಾರೋ ಬೇಕೇ ಎಂದು ಕೇಳಿದ್ದೀರಿ. ಇವೆಲ್ಲ ಸಿಕ್ಕರೆ ಬಹುಶಃ ಬೇಡ. ಮೊದಲ ಸಲದ ಸ್ಯಾಂಪಲ್ ಕೆಟ್ಟಿದ್ದರೆ, ಅಥವಾ ಕ್ರೋಮೋಸೋಮ್ ಪರೀಕ್ಷೆಗೆ ಜೀವಂತ ಕೋಶ ಸಾಲದಿದ್ದರೆ ಬೇಕಾಗಬಹುದು. ರಕ್ತದಲ್ಲೇ ಬ್ಲಾಸ್ಟ್ ಜಾಸ್ತಿ ಇದ್ದರೆ ಎಷ್ಟೋ ಪರೀಕ್ಷೆ ಕೈಯ ರಕ್ತದಲ್ಲೇ ಆಗುತ್ತದೆ. ಸೂಜಿಯಿಂದ ಹರಡುವ ಮಾತು ಸುಳ್ಳು. ಇದು ಒಂದು ಕಡೆ ಕೂತಿರುವ ಗೆಡ್ಡೆ ಅಲ್ಲ. ಮೊದಲ ದಿನದಿಂದಲೇ ಇಡೀ ದೇಹದ ಮಜ್ಜೆಯಲ್ಲಿ, ರಕ್ತದಲ್ಲಿ ಇರುವ ಕಾಯಿಲೆ. ಸೂಜಿ ಅದನ್ನು ಎಲ್ಲಿಗೂ ಒಯ್ಯುವುದಿಲ್ಲ. ಮಾವನವರಿಗೆ ಸಮಾಧಾನವಾಗಿ ಹೇಳಿ, ಅವರೂ ಹೆದರಿಯೇ ಹೇಳಿರುತ್ತಾರೆ.

ಆ ನಾಲ್ಕು ದಿನದ ಸ್ಟೀರಾಯ್ಡ್ ಬಗ್ಗೆ ನನಗೆ ಬೇಜಾರಿದೆ. ಲಿಂಫಾಯ್ಡ್ ಬ್ಲಾಸ್ಟ್‌ಗಳಿಗೆ ಸ್ಟೀರಾಯ್ಡ್ ಕಂಡರೆ ಆಗದು, ಕೆಲವೇ ದಿನಗಳಲ್ಲಿ ಸಾಯುತ್ತವೆ. ಗಂಟು ಕರಗಿದ್ದು ಅದಕ್ಕೇ. ವಾಸಿಯಾಯಿತು ಅಂತ ಅನಿಸುತ್ತದೆ, ಅಲ್ವಾ? ನಿಜಕ್ಕೂ ಆಗುವುದು ಸಾಕ್ಷಿ ಅಳಿಸಿಹೋಗುವುದು. ಎರಡು ಬಗೆಯ ಬ್ಲಾಸ್ಟ್ ಇರುವ ರೋಗಿಯಲ್ಲಿ ಲಿಂಫಾಯ್ಡ್ ಭಾಗ ಮೊದಲು ಕರಗಿ, ಮೈಲಾಯ್ಡ್ ಭಾಗವೇ ಎದ್ದು ಕಾಣಬಹುದು. ನಿಮ್ಮ ತಮ್ಮನ ಚಿತ್ರ ಅದರಿಂದ ಪೂರ್ತಿ ಕೆಟ್ಟಂತೆ ಕಾಣುವುದಿಲ್ಲ, ಬಿ ಕೋಶಗಳು ಬೇಕಾದಷ್ಟು ಉಳಿದಿವೆ. ಆದರೂ ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ದಿನ ಎಂದು ಚೀಟಿ ಸಮೇತ ನಿಮ್ಮ ಹೆಮಟಾಲಜಿಸ್ಟ್‌ಗೆ ತೋರಿಸಿ. ಓದುವ ಉಳಿದವರಿಗೂ ಒಂದು ಮಾತು: ಕಾರಣ ತಿಳಿಯದ ಗಂಟು, ಜ್ವರ, ರಕ್ತಹೀನತೆ ಮೂರೂ ಒಟ್ಟಿಗಿದ್ದರೆ ರಕ್ತದ ಸ್ಲೈಡ್ ನೋಡಿಸುವ ಮುಂಚೆ ಸ್ಟೀರಾಯ್ಡ್ ಬೇಡ.

ಎರಡು ಕ್ಯಾನ್ಸರ್ ಒಟ್ಟಿಗೆ ಬಂದಿದೆಯೇ ಅನ್ನುವ ಭಯಕ್ಕೆ ಒಂದು ಹಳೆಯ ಅನುಭವ ಹೇಳುತ್ತೇನೆ. ನಾನು ಈ ಕೆಲಸಕ್ಕೆ ಹೊಸಬಳಾಗಿದ್ದಾಗ ಒಬ್ಬ ಹುಡುಗಿಯ ಎರಡು ಸ್ಯಾಂಪಲ್ ಬಂದವು. ಕುತ್ತಿಗೆಯ ಗಂಟು ನೋಡಿದ ಹಿರಿಯರು ಟಿ ಕೋಶದ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್, ಎಂದರು. ಮಜ್ಜೆ ನೋಡಿದ ನಾನು ಎಎಂಎಲ್ ಎಂದೆ. ಇಡೀ ಮಧ್ಯಾಹ್ನ ವಾದ ಮಾಡಿದೆವು. ಇಬ್ಬರದೂ ಸರಿಯಾಗಿತ್ತು. ಟಿ ಮತ್ತು ಮೈಲಾಯ್ಡ್ ಎರಡೂ ಇರುವ ಲ್ಯುಕೇಮಿಯಾ ಅದು. ಗಂಟಿನಲ್ಲಿ ಒಂದು ಮುಖ, ಮಜ್ಜೆಯಲ್ಲಿ ಇನ್ನೊಂದು. ಎರಡು ಸ್ಲೈಡನ್ನೂ ಒಂದೇ ಮೇಜಿನ ಮೇಲೆ ಇಡುವ ತನಕ ನಮಗೆ ತಿಳಿಯಲಿಲ್ಲ. ಅಂದಿನಿಂದ ಗಂಟಿನ ಬಯಾಪ್ಸಿ ಆಗಿದೆಯಾ ಎಂದು ಕೇಳದೆ ನಾನು ಮಜ್ಜೆಯ ವರದಿಗೆ ಸಹಿ ಹಾಕಿಲ್ಲ.

ಆದರೆ ಅದೂ ಎರಡು ಕ್ಯಾನ್ಸರ್ ಅಲ್ಲ. 2018ರಲ್ಲಿ ಮಕ್ಕಳ ಮಿಶ್ರ ಲ್ಯುಕೇಮಿಯಾದ ಜೀನ್‌ಗಳನ್ನು ಓದಿದ ದೊಡ್ಡ ಅಧ್ಯಯನ ಪ್ರಕಟವಾಯಿತು. ಲಿಂಫಾಯ್ಡ್‌ನಂತೆ ಕಾಣುವ ಕೋಶ, ಮೈಲಾಯ್ಡ್‌ನಂತೆ ಕಾಣುವ ಕೋಶ ಎರಡನ್ನೂ ಬೇರೆ ಮಾಡಿ ನೋಡಿದರೆ, ಮೂಲದ ಜೀನ್ ದೋಷ ಎರಡರಲ್ಲೂ ಒಂದೇ. ಒಂದು ಬಗೆಯನ್ನು ಇಲಿಗೆ ಹಾಕಿದರೆ ಅದರಿಂದ ಇನ್ನೊಂದೂ ಹುಟ್ಟಬಲ್ಲದು. ಅಂದರೆ ಕವಲು ಒಡೆಯುವುದಕ್ಕೆ ಮುಂಚಿನ ತೀರಾ ಎಳೆಯ ಕೋಶದಲ್ಲೇ ಪೆಟ್ಟು ಬಿದ್ದಿರುತ್ತದೆ. ಬಿ ಮತ್ತು ಮೈಲಾಯ್ಡ್ ಮಿಶ್ರ ಇದ್ದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಜೆಡ್‌ಎನ್‌ಎಫ್384 ಎಂಬ ಜೀನಿನ ದೋಷವಿತ್ತು. ಅದೇ ದೋಷ, ಎಎಲ್‌ಎಲ್ ಎಂದು ಹೆಸರಿಟ್ಟ ಮಕ್ಕಳಲ್ಲೂ ಸಿಗುತ್ತದೆ. ನಾವು ಎಳೆಯುವ ಗೆರೆ ಎಷ್ಟು ತೆಳುವಾದದ್ದು ಅಂತ ಇದರಿಂದ ಗೊತ್ತಾಗುತ್ತದೆ. ಎಲ್ಲ ಅಕ್ಯೂಟ್ ಲ್ಯುಕೇಮಿಯಾಗಳಲ್ಲಿ ಮಿಶ್ರ ಬಗೆಯದು ನೂರಕ್ಕೆ ಎರಡರಿಂದ ಐದು ಅಷ್ಟೇ.

ಮಿಶ್ರದಂತೆ ಕಂಡರೂ ಬೇರೆ ಮನೆಗೆ ಸೇರಿದ ಕಾಯಿಲೆಗಳೂ ಇವೆ. 8 ಮತ್ತು 21ನೇ ಕ್ರೋಮೋಸೋಮ್ ಅದಲುಬದಲಾದ ಎಎಂಎಲ್‌ನಲ್ಲಿ ಸಿಡಿ19 ಕಾಣುವುದು ಸಾಮಾನ್ಯ. ಅದನ್ನು ಮಿಶ್ರ ಎಂದು ತಪ್ಪು ತಿಳಿದರೆ, ಎಎಂಎಲ್ ಔಷಧಿಗೆ ಚೆನ್ನಾಗಿ ಬಗ್ಗುವ ರೋಗಿಯನ್ನು ಬೇರೆ ದಾರಿಗೆ ಕಳಿಸಿದಂತಾಗುತ್ತದೆ. ಹಿಂದೆ ಬೇರೆ ಕ್ಯಾನ್ಸರಿಗೆ ಕೀಮೋ ಪಡೆದವರ ಲೆಕ್ಕವೂ ಬೇರೆ. ಅದಕ್ಕೇ ಜೀನ್ ವರದಿ ಬರುವ ತನಕ ನಮ್ಮ ಹೆಸರು ತಾತ್ಕಾಲಿಕ.

ಈಗ ನೀವು ಕಾಯುತ್ತಿರುವ ಫಿಲಡೆಲ್ಫಿಯಾ ವರದಿಗೆ ಬರುತ್ತೇನೆ. ಎಂಪಿಒ ಜಗಳಕ್ಕಿಂತ ಇದು ಎಷ್ಟೋ ಮುಖ್ಯ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫೋರ್ಡ್ ಎಂಬ ಇಬ್ಬರು ಒಂದು ಬಗೆಯ ಲ್ಯುಕೇಮಿಯಾದಲ್ಲಿ ತೀರಾ ಚಿಕ್ಕ ಕ್ರೋಮೋಸೋಮ್ ಕಂಡರು. ಊರಿನ ಹೆಸರೇ ಅದಕ್ಕೆ ನಿಂತಿತು. 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡು ಅದಲುಬದಲಾಗಿ ಅದು ಆಗುತ್ತದೆ ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ದೋಷದಿಂದ ಹುಟ್ಟುವ ಪ್ರೋಟೀನನ್ನು ತಡೆಯುವ ಮಾತ್ರೆ ನಮ್ಮ ಹತ್ತಿರ ಇದೆ: ಇಮ್ಯಾಟಿನಿಬ್, ಡಸಾಟಿನಿಬ್. 2011ರಲ್ಲಿ ಪ್ರಕಟವಾದ 100 ಎಂಪಿಎಎಲ್ ರೋಗಿಗಳ ಅಧ್ಯಯನದಲ್ಲಿ, ಪರೀಕ್ಷೆ ಆದವರ ಪೈಕಿ ಐವರಲ್ಲಿ ಒಬ್ಬರಿಗೆ ಈ ಕ್ರೋಮೋಸೋಮ್ ಇತ್ತು. ಪಾಸಿಟಿವ್ ಬಂದರೆ ಕೀಮೋ ಜೊತೆಗೆ ಈ ಮಾತ್ರೆ ಶುರುವಿನಿಂದಲೇ ಸೇರಬೇಕು, ಹೆಸರು ಎಎಲ್‌ಎಲ್ ಇರಲಿ ಎಂಪಿಎಎಲ್ ಇರಲಿ. ಆಗ ಇನ್ನೊಂದನ್ನೂ ಡಾಕ್ಟರು ಯೋಚಿಸುತ್ತಾರೆ: ಇದು ಸಿಎಂಎಲ್ ಎಂಬ ನಿಧಾನದ ಕಾಯಿಲೆ ಒಳಗೊಳಗೇ ಇದ್ದು ಈಗ ಕೆರಳಿದ್ದೇ? ಗುಲ್ಮ ತುಂಬಾ ದೊಡ್ಡದಾಗಿದೆಯೇ, ಹಳೆಯ ರಕ್ತ ಪರೀಕ್ಷೆಗಳಲ್ಲಿ ಬಿಳಿ ರಕ್ತಕಣ ಜಾಸ್ತಿ ಇತ್ತೇ ಎಂದು ಕೇಳುತ್ತಾರೆ. ಹಳೆಯ ಚೀಟಿಗಳನ್ನು ಹುಡುಕಿಡಿ. ಈ ಒಂದು ದೋಷವನ್ನೇ ಹುಡುಕುವ ಫಿಶ್ ಪರೀಕ್ಷೆ ಅಥವಾ ಪಿಸಿಆರ್ ಕೆಲವೇ ದಿನಗಳಲ್ಲಿ ಉತ್ತರ ಕೊಡುತ್ತದೆ. ಪೂರ್ತಿ ಕ್ರೋಮೋಸೋಮ್ ಪಟ್ಟಿಗೆ ವಾರಗಳು ಬೇಕು. ಫೋನ್ ಮಾಡಿ ಯಾವುದು ಬಾಕಿ ಎಂದು ವಿಚಾರಿಸಿ.

ಚಿಕಿತ್ಸೆ ನಿರ್ಧರಿಸುವುದು ನಿಮ್ಮ ಹೆಮಟಾಲಜಿಸ್ಟ್. ಆದರೆ ಮುಂದಿರುವ ದಾರಿಗಳು ತಿಳಿದಿರಲಿ. ಎಂಪಿಎಎಲ್ ಎಂದೇ ಇಟ್ಟುಕೊಂಡರೂ ಈಗ ಹೆಚ್ಚಿನವರು ಎಎಲ್‌ಎಲ್ ಚಿಕಿತ್ಸೆಯಿಂದಲೇ ಶುರು ಮಾಡುತ್ತಾರೆ. ಹಾಗಾಗಿ ನಿಮ್ಮ ಎರಡು ವರದಿಗಳೂ ಸದ್ಯಕ್ಕೆ ಒಂದೇ ಬಾಗಿಲಿಗೆ ತಂದು ನಿಲ್ಲಿಸುತ್ತವೆ. 2018ರಲ್ಲಿ ಹಲವು ದೇಶಗಳ 233 ಮಕ್ಕಳ ಲೆಕ್ಕ ಒಟ್ಟುಗೂಡಿಸಿ ನೋಡಿದ್ದರು. ಎಎಲ್‌ಎಲ್ ಚಿಕಿತ್ಸೆಯಿಂದ ಆರಂಭಿಸಿದವರಲ್ಲಿ ಐದು ವರ್ಷ ಕಾಯಿಲೆ ಮರಳದೆ ಇದ್ದವರು ಸುಮಾರು ಶೇ. 80. ಎಎಂಎಲ್ ಚಿಕಿತ್ಸೆಯವರಲ್ಲಿ ಸುಮಾರು ಶೇ. 36. ಇದು ಮಕ್ಕಳ ಅಂಕಿ, ಹಿಂದಿನ ದಾಖಲೆ ತೆಗೆದು ಮಾಡಿದ ಲೆಕ್ಕ. ದೊಡ್ಡವರಿಗೆ ಹಾಗೆಯೇ ಹೊಂದಿಸಲಾಗದು. ನಾನು ಹೇಳಿದ 2011ರ ಅಧ್ಯಯನದಲ್ಲಿ ಎಲ್ಲ ವಯಸ್ಸಿನವರೂ ಇದ್ದರು. ಅಲ್ಲಿ ಐದು ವರ್ಷಕ್ಕೆ ಬದುಕಿದ್ದವರು ಶೇ. 37. ಅಲ್ಲೂ ಎಎಲ್‌ಎಲ್ ಚಿಕಿತ್ಸೆ ಪಡೆದವರೇ ಮೇಲು. ಸುಲಭದ ಕಾಯಿಲೆ ಎಂದು ನಾನು ಹೇಳುವುದಿಲ್ಲ. ಕೈ ಚೆಲ್ಲುವ ಕಾಯಿಲೆಯೂ ಅಲ್ಲ.

ಎಎಲ್‌ಎಲ್ ಕೀಮೋದಲ್ಲಿ ಸ್ಟೀರಾಯ್ಡ್, ವಿನ್‌ಕ್ರಿಸ್ಟಿನ್, ಆಸ್ಪರಾಜಿನೇಸ್ ಮುಖ್ಯ. ಸಕ್ಕರೆ ಏರುವುದು, ಕೈಕಾಲು ಜೋಮು, ರಕ್ತ ಹೆಪ್ಪುಗಟ್ಟುವುದು, ಮೇದೋಜೀರಕದ ಉರಿಯೂತ ಇವು ಅದರ ಅಪಾಯಗಳು. ಕಾಯಿಲೆ ಮಿದುಳಿಗೆ ಹೋಗದಂತೆ ಬೆನ್ನಿನ ನೀರಿಗೂ ಔಷಧಿ ಕೊಡುತ್ತಾರೆ. ಎಎಂಎಲ್ ಕೀಮೋ, ಏಳು ದಿನ ಸೈಟರಬಿನ್ ಮೂರು ದಿನ ಡೌನೊರುಬಿಸಿನ್, ಬಿಳಿ ರಕ್ತಕಣವನ್ನು ಪೂರಾ ನೆಲಕ್ಕೆ ಇಳಿಸುತ್ತದೆ. ವಾರಗಟ್ಟಲೆ ಸೋಂಕಿನ ಭಯ. ಎರಡನ್ನೂ ಬೆರೆಸಿ ಒಟ್ಟಿಗೆ ಕೊಟ್ಟರೆ ಮಿಶ್ರ ಕಾಯಿಲೆಗೆ ಒಳ್ಳೆಯದಲ್ಲವೇ ಎಂದು ಮನೆಯವರು ಕೇಳುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ವಿಷ ದುಪ್ಪಟ್ಟು, ಮೊದಲ ಹೆಜ್ಜೆಯಾಗಿ ಲಾಭ ಕಂಡಿಲ್ಲ. ಎಎಲ್‌ಎಲ್ ದಾರಿ ಫಲಿಸದಿದ್ದರೆ ಆಗ ಅದು ಮುಂದಿನ ಅಸ್ತ್ರ.

ಸುಮಾರು ಒಂದು ತಿಂಗಳ ನಂತರ ಮತ್ತೆ ಮಜ್ಜೆ ತೆಗೆದು ಎಂಆರ್‌ಡಿ ನೋಡುತ್ತಾರೆ. ಕಣ್ಣಿಗೆ ಕಾಣದಷ್ಟು ಕಡಿಮೆ ಉಳಿದಿರುವ ಬ್ಲಾಸ್ಟ್ ಹುಡುಕುವ ಪರೀಕ್ಷೆ ಅದು. ಆ ದಿನ ಲ್ಯಾಬಿನವರು ಬಿ ಕಡೆ ಮಾತ್ರವಲ್ಲ, ಮೈಲಾಯ್ಡ್ ಕಡೆಯೂ ಹುಡುಕಬೇಕು. ಮೊದಲ ವರದಿಗಳನ್ನು ಜೊತೆಗೆ ಕೊಟ್ಟರೆ ಮಾತ್ರ ಅವರಿಗೆ ಅದು ಹೊಳೆಯುತ್ತದೆ. ಮಸುಕು ಎಂಪಿಒ ಕಥೆ ಮುಂದೆ ಉಪಯೋಗಕ್ಕೆ ಬರುವುದು ಅಲ್ಲಿಯೇ. ದೊಡ್ಡವರಲ್ಲಿ ಕಾಯಿಲೆ ಹತೋಟಿಗೆ ಬಂದ ಮೇಲೆ ಬೋನ್ ಮ್ಯಾರೋ ಕಸಿಯ ಮಾತು ಬರುತ್ತದೆ. ಕಸಿಗೂ ಅಪಾಯ ಇದೆ. ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿಬೀಳಬಹುದು.

ನಿಮಗೂ ಬರುತ್ತದೆಯೇ ಎಂಬ ಪ್ರಶ್ನೆಗೆ ಇಲ್ಲೇ ಉತ್ತರಿಸುತ್ತೇನೆ. ಇದು ಅಂಟುವುದಿಲ್ಲ. ಬಹುಪಾಲು ರೋಗಿಗಳಲ್ಲಿ ವಂಶದಿಂದ ಬಂದದ್ದೂ ಅಲ್ಲ. ಅತಿಯಾದ ವಿಕಿರಣ, ಬೆಂಜೀನ್, ಹಿಂದಿನ ಕೀಮೋ ಇವುಗಳಿಗೂ ಲ್ಯುಕೇಮಿಯಾಗೂ ಸಂಬಂಧ ಇರುವುದು ನಿಜ, ಆದರೆ ಹೆಚ್ಚಿನವರಲ್ಲಿ ಕಾರಣ ಇಂಥದ್ದೇ ಎಂದು ಬೊಟ್ಟು ಮಾಡಲಾಗದು. ಅವನು ಏನೋ ತಿಂದ, ನೀವು ಏನೋ ನೋಡಿಕೊಳ್ಳಲಿಲ್ಲ ಅಂತ ಯಾರೂ ಕೊರಗಬೇಡಿ. ನಿಮ್ಮ ರಕ್ತ ಕೇಳಿದರೆ ಅದು ಎಚ್‌ಎಲ್‌ಎ ಹೊಂದಾಣಿಕೆಗೆ, ಅಂದರೆ ಕಸಿಗೆ ನಿಮ್ಮ ಮಜ್ಜೆ ತಮ್ಮನಿಗೆ ಹೊಂದುತ್ತದೆಯೇ ಎಂದು ನೋಡಲು. ಒಡಹುಟ್ಟಿದ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದದಿದ್ದರೆ ಅರ್ಧ ಹೊಂದುವ ತಂದೆ, ತಾಯಿಯಿಂದಲೂ ಕಸಿ ಆಗುತ್ತದೆ, ಹೊರಗಿನ ದಾನಿಗಳ ನೋಂದಣಿಯೂ ಇದೆ. ಈ ಪರೀಕ್ಷೆ ಈಗಲೇ ಮಾಡಿಸಿಡಿ.

ದುಡ್ಡಿನ ವಿಷಯ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ನೆರವಿದೆ. ಎರಡು ಆಸ್ಪತ್ರೆಗಳಲ್ಲಿ ಒಂದನ್ನು ಆರಿಸುವಾಗ, ಈ ಯೋಜನೆಯಲ್ಲಿದೆಯೇ, ಹಗಲು ರಾತ್ರಿ ಪ್ಲೇಟ್‌ಲೆಟ್ ಸಿಗುತ್ತದೆಯೇ ಎಂದು ಕೇಳಿ. ನಾಲ್ಕನೇ ಅಭಿಪ್ರಾಯಕ್ಕೆ ಓಡಬೇಡಿ. ಈ ಕಾಯಿಲೆ ವಾರಗಳ ಮಾತಲ್ಲ, ದಿನಗಳ ಮಾತು. ಮೂಲ ಫೈಲ್ ಬರುವ ತನಕ ಕೀಮೋ ತಡೆಯಬೇಕಿಲ್ಲ, ಎರಡೂ ಒಟ್ಟಿಗೆ ನಡೆಯಲಿ.

ಕೀಮೋ ಶುರುವಾಗುವ ಮುಂಚೆ ವೀರ್ಯ ಸಂಗ್ರಹಿಸಿಡುವ ಬಗ್ಗೆ ಡಾಕ್ಟರನ್ನು ಕೇಳಲು ತಮ್ಮನಿಗೆ ಹೇಳಿ. ಅಕ್ಕನಾಗಿ ಕೇಳಲು ಸಂಕೋಚ ಅನಿಸಿದರೆ ಅಪ್ಪನಿಂದ ಕೇಳಿಸಿ. 24ರ ಹುಡುಗ, ಮುಂದೆ ಮಕ್ಕಳು ಬೇಕೆನಿಸುತ್ತದೆ. ಕೀಮೋ ಆದ ಮೇಲೆ ಕೇಳಿದರೆ ತಡವಾಗಿರುತ್ತದೆ.

ಮನೆಗೆ ಒಂದು ಥರ್ಮಾಮೀಟರ್ ತನ್ನಿ. ಕೀಮೋ ನಡುವೆ ಊರಿಗೆ ಬಂದಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಎರಡಾದರೂ ಗಾಡಿ ಹಿಡಿದು ಹೊರಡಿ. ಯಾರ ಗಾಡಿ, ಯಾವ ಆಸ್ಪತ್ರೆ, ಯಾವ ನಂಬರಿಗೆ ಫೋನ್ ಅನ್ನುವುದನ್ನು ಈಗಲೇ ಬರೆದು ಗೋಡೆಗೆ ಅಂಟಿಸಿಡಿ.